ಮೂರನೆಯ ನಲ್ಲಿ

ಆ ತಂತಿಯನ್ನು ನಾನು ತೂರಿಸಲಿಲ್ಲ. ತೂರಿಸಿದೆ ಎಂದು ಅಕ್ಕನಿಗೆ ಹೇಳಿದೆ. ಒಂದು ಸಲವಲ್ಲ, ಎರಡು ಸಲ.

ಮೊನ್ನೆ ಮಲ್ಪೆಯ ನನ್ನ ವರ್ಕ್‌ಶಾಪಿನಲ್ಲಿ ಕೂಲೆಂಟ್ ಡಬ್ಬಿ ಉರುಳಿ ನೆಲವೆಲ್ಲ ಹಸಿರಾಯಿತು. ಅದರ ವಾಸನೆ ಸಿಹಿ, ಹಳಸಿದ ಕಬ್ಬಿನ ಹಾಲಿನ ಹಾಗೆ. ಮರಳು ಚೆಲ್ಲುತ್ತಿದ್ದವನು ಹಾಗೇ ಕುಳಿತುಬಿಟ್ಟೆ. ಜಪಾನಿನ ಆ ದೊಡ್ಡ ಕೆರೆಯ ದಂಡೆ, ದೋಣಿಯ ತಳದ ಕತ್ತಲು, ಮೇಲಿನಿಂದ ಅಕ್ಕನ ದನಿ…

ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ಬೋಟುಗಳ ಇಂಜಿನ್ ಬಿಚ್ಚಲು ಹೋದವನು. ಅಕ್ಕ ಓದಿದಳು, ಓದುತ್ತಲೇ ಹೋದಳು, ಮೈಸೂರು ದಾಟಿ ಜಪಾನಿನ ಕಾಶಿವಾ ತನಕ. ಎರಡು ಸಾವಿರನೆಯ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಜನ ಹೆದರಿದ್ದ ಆ ಚಳಿಗಾಲದಲ್ಲಿ, ಎರಡು ತಿಂಗಳು ಇದ್ದು ಹೋಗು ಎಂದು ನನ್ನನ್ನು ಕರೆಸಿಕೊಂಡಳು.

ಚಳಿ ಬಿಟ್ಟ ಕೂಡಲೆ ಕೆರೆಯ ನೀರಿನಲ್ಲಿ ಏನೇನು ಬೆಳೆಯುತ್ತದೆ ಎಂಬುದು ಅವಳ ಸಂಶೋಧನೆ. ಮೂರು ವಸಂತ ಬಿಡದೆ ನೀರು ತೆಗೆದು ನೋಡಬೇಕು. ಎರಡು ಮುಗಿದಿದ್ದವು. ಮೂರನೆಯದು ತಪ್ಪಿದರೆ ಮೊದಲಿನ ಎರಡೂ ವ್ಯರ್ಥ ಎಂದು ಕೆರೆಗೆ ಹೋಗುವ ರೈಲಿನಲ್ಲಿ ನನಗೆ ಬಿಡಿಸಿ ಹೇಳಿದ್ದಳು.

ನೀರು ತೆಗೆಯಲು ಯೂನಿವರ್ಸಿಟಿಯ ಒಂದು ಹಳೆಯ ದೋಣಿ, ಅದರ ಹೊಟ್ಟೆಯೊಳಗೆ ಡೀಸೆಲ್ ಇಂಜಿನ್. ಚಳಿಗೆ ಮುಂಚೆ ಅದರ ನೀರು ಇಳಿಸಿ ವಸಂತದ ತನಕ ಮಲಗಿಸಿಡುತ್ತಿದ್ದ ಮುದುಕನಿಗೆ ಆ ವರ್ಷ ಸೊಂಟ ಹಿಡಿದಿತ್ತು. ನನ್ನ ತಮ್ಮ ಮಾಡುತ್ತಾನೆ ಎಂದು ಅಕ್ಕ ತಾನಾಗಿ ಒಪ್ಪಿಕೊಂಡು ಬಂದಳು. ನನಗೆ ಹೇಳಿದ್ದು ಇಷ್ಟೆ: “ಮರ್ಯಾದೆ ಉಳಿಸು ಮಾರಾಯ.”

ನಮ್ಮ ಕಡೆ ಬೋಟುಗಳು ಮಲಗುವುದು ಮಳೆಗಾಲದಲ್ಲಿ. ಇಂಜಿನ್ನಿನೊಳಗಿನ ನೀರಿಗೆ ಯಾರೂ ಹೆದರುವುದಿಲ್ಲ. ಅಲ್ಲಿ ಹಾಗಲ್ಲ. ಇಂಜಿನ್ ಬಿಸಿ ಮಾಡಿ ಹಳೆಯ ಆಯಿಲ್ ಇಳಿಸಿ ಹೊಸದು ತುಂಬಬೇಕು. ಒಳಗೆ ಸುತ್ತುವ ಕೆರೆನೀರನ್ನು ಮೂರು ನಲ್ಲಿ ಬಿಚ್ಚಿ ಹೊರಗೆ ಬಿಡಬೇಕು. ಆಮೇಲೆ ಆ ಜಾಗಕ್ಕೆ ಚಳಿಗೆ ಹೆಪ್ಪುಗಟ್ಟದ ಕೂಲೆಂಟ್ ತುಂಬಿಸಬೇಕು. ಮುದುಕ ಗೇಣುದ್ದದ ತಾಮ್ರದ ತಂತಿ ಕೊಟ್ಟು, ನಲ್ಲಿಯ ಬಾಯಿಗೆ ತೂರಿಸಿ ತಿರುಗಿಸುವಂತೆ ಕೈಸನ್ನೆ ಮಾಡಿದ.

“ಕೆಸರು ಕಟ್ಟಿರುತ್ತಂತೆ. ನೀರು ಬರಲಿಲ್ಲ ಅಂದ್ರೆ ಖಾಲಿ ಅಂತ ನಂಬಬಾರದಂತೆ. ಒಳಗೆ ಉಳಿದ ನೀರು ಐಸ್ ಆಗಿ ಕಬ್ಬಿಣ ಸೀಳಿಬಿಡುತ್ತಂತೆ” ಎಂದಳು ಅಕ್ಕ.

ನಾನು ನಕ್ಕೆ. ನೀರು ಕಬ್ಬಿಣ ಸೀಳುವುದನ್ನು ಮಲ್ಪೆಯಲ್ಲಿ ಯಾರು ಕಂಡಿದ್ದಾರೆ?

ಎರಡು ನಲ್ಲಿಗಳಿಂದ ನೀರು ಸುರಿಯಿತು, ತಂತಿಯನ್ನೂ ಹಾಕಿದೆ. ಮೂರನೆಯದು ಇಂಜಿನ್ನಿನ ಹಿಂದೆ. ಬೋರಲು ಮಲಗಿ, ಎಣ್ಣೆ ಹಿಡಿದ ಹಲಗೆಗೆ ಕೆನ್ನೆ ಒತ್ತಿ, ಕೈಯಲ್ಲೇ ತಡಕಬೇಕು. ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ಬೆರಳು ಮರಗಟ್ಟಿತ್ತು, ತಂತಿ ಜಾರಿ ಇಂಜಿನ್ನಿನ ಅಡಿಗೆ ಬಿತ್ತು. ಹುಡುಕಬಹುದಿತ್ತು…

“ಆಯ್ತೇನೋ? ತಂತಿ ಹಾಕಿದ್ಯಾ?” ಅಕ್ಕ ಮೇಲೆ ಕೆಲಸಗಳ ಪಟ್ಟಿ ಹಿಡಿದು ನಿಂತಿದ್ದಳು.

“ಹಾಕಿದೆ ಮಾರಾಯ್ತಿ. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ. ಆ ಅಜ್ಜನಿಂದ ಕಲೀಬೇಕಾ ನಾನು?”

“ಕೊಬ್ಬು ನೋಡು ಇವನಿಗೆ.” ನಗುತ್ತಾ ಟಿಕ್ ಹಾಕಿದಳು. ಪಟ್ಟಿಯ ಕೆಳಗೆ ತನ್ನ ಸಹಿ ಮಾಡಿದಳು.

ಮಾರನೆಯ ದಿನ ನಿಶಿ ಕಸಾಯಿ ಎಂಬ ಬಡಾವಣೆಯಲ್ಲಿ ಬೆಂಗಳೂರಿನ ಕಂಪ್ಯೂಟರ್ ಇಂಜಿನಿಯರೊಬ್ಬರ ಮನೆಗೆ ಊಟಕ್ಕೆ ಹೋದೆವು. ಆ ಮನೆಯವರು ಡಿಸೆಂಬರ್ ಮೂವತ್ತೊಂದಕ್ಕೆ ಆಫೀಸಿನಲ್ಲೇ ಇರಬೇಕೆಂದು ಕೊರಗುತ್ತಿದ್ದರು. “ನಿಮ್ಮ ಸಿಸ್ಟಮ್ ಎಲ್ಲಾ ನಿಂತ್ರೂ ನನ್ನ ಇಂಜಿನ್ ನಿಲ್ಲಲ್ಲ ಬಿಡಿ. ನಮ್ಮ ಹುಡುಗ ಕೈ ಹಾಕಿದ್ದಾನೆ” ಎಂದಳು ಅಕ್ಕ. ನಾನು ಎರಡನೆಯ ಸಲ ಸಾರು ಹಾಕಿಸಿಕೊಂಡೆ.

ಜನವರಿಯಲ್ಲಿ ಊರಿಗೆ ಬಂದೆ. ಚಳಿ ಕಳೆದ ಮೇಲೆ ಒಂದು ದಿನ ಪಕ್ಕದ ಅಂಗಡಿಗೆ ಅವಳ ಫೋನ್ ಬಂತು.

“ಇಂಜಿನ್ ಒಡೆದಿದೆ ಕಣೋ. ಹಿಂದುಗಡೆ ಉದ್ದಕ್ಕೆ ಬಿರುಕು.” ದನಿಯಲ್ಲಿ ಸಿಟ್ಟಿರಲಿಲ್ಲ. “ಮೂರನೇ ನಲ್ಲಿಗೆ ತಂತಿ ಹಾಕಿದ್ದೆ ತಾನೆ?”

ಅಂಗಡಿಯಲ್ಲಿದ್ದ ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ವಿದೇಶದ ಫೋನ್ ಅಲ್ಲವೇ.

“ಹಾಕಿದ್ದೆ.”

“ಸರಿ ಬಿಡು. ಊಟ ಆಯ್ತಾ?”

ಬೇರೆ ದೋಣಿ ಸಿಗುವಷ್ಟರಲ್ಲಿ ವಸಂತ ಕಳೆದಿತ್ತು. ಇನ್ನೊಂದು ವರ್ಷ ಕಾಯೋಣವೆಂದರೆ ಸ್ಕಾಲರ್‌ಶಿಪ್ ಮುಗಿದಿತ್ತು. ಡಾಕ್ಟರೇಟ್ ಇಲ್ಲದೆ ವಾಪಸು ಬಂದು, ಮೈಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟಳು. ಜಪಾನಿನಲ್ಲಿ ತನ್ನ ಪ್ರೊಫೆಸರರ ಮುಂದೆ ತಲೆ ಬಗ್ಗಿಸಿ, ಸಹಿ ನನ್ನದು, ತಪ್ಪೂ ನನ್ನದೇ ಎಂದಿದ್ದಳಂತೆ. ನನಗೆ ಅದನ್ನು ಹೇಳಿದವರು ಭಾವ, ಎಷ್ಟೋ ವರ್ಷಗಳ ಮೇಲೆ.

ಅದಾದ ಮೇಲೆ ಒಮ್ಮೆ ಇಲ್ಲಿ ಮಲ್ಪೆಯಲ್ಲಿ ಒಂದು ಬೋಟಿನ ಕಟ್ಟಿದ ನಲ್ಲಿ ಬಿಚ್ಚುತ್ತಿದ್ದಾಗ, ಒಳಗಿನ ಕೆಸರು ಬಿರಡೆಯ ಹಾಗೆ ಇಡಿಯಾಗಿ ನನ್ನ ಅಂಗೈಗೆ ಬಿತ್ತು. ಆಗ ಹೊಳೆಯಿತು. ಆ ಮುದುಕನೂ ಮೂರನೆಯ ನಲ್ಲಿಯನ್ನು ಬಿಚ್ಚಿ ನೋಡಿರುತ್ತಾನೆ. ಅಕ್ಕನಿಗೆ ತೋರಿಸಿರುತ್ತಾನೆ. ತಂತಿ ಹೋಗಿದ್ದರೆ ಕೆಸರು ಇಡಿಯಾಗಿ ಉಳಿಯುತ್ತಿರಲಿಲ್ಲ. ಫೋನ್ ಮಾಡುವಾಗ ಅವಳಿಗೆ ಎಲ್ಲ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಎಂದು ಕೇಳಿದ್ದಳು, ಅಷ್ಟೆ…

ಆಮೇಲೂ ಹೇಳಲಿಲ್ಲ. ಮೈಸೂರಿಗೆ ಹೋದಾಗೆಲ್ಲ ಅವಳ ಮಿಕ್ಸಿ, ನೀರಿನ ಪಂಪು ರಿಪೇರಿ ಮಾಡುತ್ತಿದ್ದೆ. “ಎಲ್ಲಾ ನೋಡಿದ್ಯಾ?” ಎಂದು ಕೇಳುತ್ತಿದ್ದಳು. ಹೂಂ ಎನ್ನುತ್ತಿದ್ದೆ.

ಹೋದ ವರ್ಷ ಅವಳು ಆಸ್ಪತ್ರೆ ಸೇರಿದ ಸುದ್ದಿ ತಿಳಿದು ಮೈಸೂರು ಬಸ್ಸು ಹತ್ತಿದೆ. ಘಾಟಿಯಲ್ಲಿ ಭಾವ ಫೋನ್ ಮಾಡಿದರು. “ನೀನು ಬರೋ ತನಕ ಇರ್ತಾಳೋ ಇಲ್ವೋ. ಫೋನ್ ಅವಳ ಕಿವಿ ಹತ್ರ ಹಿಡಿದಿದ್ದೀನಿ, ಮಾತಾಡು. ಉತ್ತರ ಕೊಡಕ್ಕಾಗಲ್ಲ, ಅಷ್ಟೆ.”

ನಾನು ತಲುಪುವಾಗ ಅಕ್ಕ ಇರಲಿಲ್ಲ. ಅವಳಿಗೆ ಕೇಳಿಸಿತೋ ಇಲ್ಲವೋ ಈಗ ಯಾರನ್ನು ಕೇಳಲಿ? ಮರಳು ಗುಡಿಸಿದರೂ ವರ್ಕ್‌ಶಾಪಿನ ನೆಲದಲ್ಲಿ ಹಸಿರು ಕಲೆ ಉಳಿದಿದೆ, ಸಿಹಿ ವಾಸನೆಯೂ. ಅಂದು ಬಸ್ಸಿನಲ್ಲಿ, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ನಾನು ಹೇಳಿದ್ದು ಇಷ್ಟು:

“ಅಕ್ಕಾ, ಮೂರನೇ ನಲ್ಲಿಗೆ ನಾನು ತಂತಿ ಹಾಕಿರಲಿಲ್ಲ. ತಪ್ಪಾಯ್ತು ಅಕ್ಕಾ.”