ಬೇರಿಲ್ಲದ ಎಲೆಕೋಸು

ಮಾಶೇಜಿಗೆ ಬಹಳ ಬೇಗ ಹೇಸಿಗೆಯಾಗುತ್ತಿತ್ತು. ಮದುವೆಯಾಗಿ ನಮ್ಮೂರು ಎಸಿಖಾಲೆನಿಗೆ ಬಂದ ಹೊಸದರಲ್ಲಿ ಹಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಪೀಟರ್‌ಮಾರಿಟ್ಜ್‌ಬರ್ಗಿನ ಕೋಳಿ ಕಾರ್ಖಾನೆಯೊಂದಕ್ಕೆ ಸೇರಿದಳು. ಮೊಣಕೈವರೆಗೆ ರಬ್ಬರ್ ಗವಸು ತೊಟ್ಟು ವರ್ಷಗಟ್ಟಲೆ ಕೋಳಿಗಳ ಕರುಳು ಎಳೆದಳು. ಆ ದುಡಿಮೆಯಲ್ಲೇ ಮಕ್ಕಳನ್ನು ಓದಿಸಿದಳು. ಊರಿಗೆ ಮರಳಿದಾಗ ಯಾರ ಮನೆಯಲ್ಲಾದರೂ ಕೋಳಿ ಬೇಯುತ್ತಿದ್ದರೆ ಶಾಲಿನಲ್ಲಿ ಮೂಗು ಮುಚ್ಚಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದಳು. ನಮ್ಮಲ್ಲಿ ಮದುವೆಯಾದ ಹೆಂಗಸನ್ನು ತವರಿನ ಕುಲದ ಹೆಸರಿನಿಂದ ಕರೆಯುತ್ತಾರೆ. ಅವಳು ಶೇಜಿಯವರ ಮಗಳು, ಮಾಶೇಜಿ. ನಾನು ಸಿಬಿಯಾ ಮನೆಯವಳು, ಮಾಸಿಬಿಯಾ.

"ಕೈ ಎಷ್ಟು ತೊಳೆದ್ರೂ ವಾಸನೆ ಹೋಗಲ್ಲ ಕಣೆ," ಎಂದಳು ಒಮ್ಮೆ. "ಮಣ್ಣಲ್ಲಿ ಕೈ ಇಟ್ರೆ ಮಾತ್ರ ಹೋಗತ್ತೆ."

ತೋಟ ಶುರುವಾದದ್ದು ಹಾಗೆ. ತೊರೆಯ ಪಕ್ಕ ಜೊಂಡು ಬೆಳೆದ ಜೌಗು ನೆಲವಿತ್ತು. ಯಾರಿಗೂ ಬೇಡವಾಗಿದ್ದರಿಂದ ನಮ್ಮ ಇಂಡುನಾ, ಎಂದರೆ ಊರಿನ ಮುಖಂಡ ಜುಂಗು, ಕೇಳಿದ ತಕ್ಷಣ ಕೊಟ್ಟುಬಿಟ್ಟ. ನಾವು ಕೆಲವು ಹೆಂಗಸರು ಸೇರಿ ಜೊಂಡು ಕಿತ್ತೆವು, ಮುಳ್ಳು ಕೊಂಬೆಗಳ ಬೇಲಿ ಕಟ್ಟಿದೆವು. ಮದುಂಬೆ ನೆಟ್ಟೆವು. ಮದುಂಬೆ ಎಂದರೆ ಕೆಸುವಿನ ಗೆಡ್ಡೆ, ಹಸಿ ನೆಲವೆಂದರೆ ಅದಕ್ಕೆ ಪ್ರಾಣ. ನಡುನಡುವೆ ಅವರೆ, ಕುಂಬಳ, ತಾನಾಗಿ ಹುಟ್ಟುವ ಸೊಪ್ಪು. ಮೂರನೆಯ ವರ್ಷ ಎಷ್ಟು ಬೆಳೆಯಿತೆಂದರೆ, ಪಿಂಚಣಿ ಕೊಡುವ ದಿನ ರಸ್ತೆ ಬದಿಯಲ್ಲಿ ಕೂತು ಮಾರಿದರೂ ಮನೆಗೆ ಉಳಿಯುತ್ತಿತ್ತು. ಕಷ್ಟವಿದ್ದದ್ದು ಒಂದೇ. ಬಿಸಿಲುಗಾಲದಲ್ಲಿ ತೊರೆ ಕೆಳಕ್ಕಿಳಿದಾಗ ಬಕೆಟ್ ಹೊತ್ತು ಹೊತ್ತು ಕುತ್ತಿಗೆ ಬಿದ್ದುಹೋಗುತ್ತಿತ್ತು.

ಆಗ ಬಂದವನು ಸಾಂಡಿಸೊ. ಬಡವರ ತೋಟಗಳಿಗೆ ನೆರವಾಗುವ ಒಂದು ಸಂಸ್ಥೆಯ ಹುಡುಗ. ನಮ್ಮ ಭಾಷೆಯವನೇ, ಎರಡು ಗುಡ್ಡದಾಚೆಯವನು, ಮಾತು ಸಿಹಿ. ತಂತಿ ಬೇಲಿ ಹಾಕಿಸುತ್ತೇವೆ, ನೀರೆತ್ತುವ ಪಂಪು ಕೊಡುತ್ತೇವೆ ಎಂದ.

"ಆದ್ರೆ ಗೋಗೊ," ಎಂದು ಮಾಶೇಜಿಯ ಕಡೆ ತಿರುಗಿದ, ಅಜ್ಜಿಯನ್ನು ಕರೆಯುವ ಗೌರವದಲ್ಲೇ, "ದುಡ್ಡು ಕೊಡೋರು ನೋಡೋಕೆ ಬರ್ತಾರೆ. ಅವರಿಗೆ ಸಾಲು ಸಾಲಾಗಿ ಎಲೆಕೋಸು ಕಾಣಬೇಕು. ಇದು ಕಾಡು ಥರ ಇದೆ."

"ಕಾಡಲ್ಲಪ್ಪ, ಊಟ," ಎಂದಳು ಮಾಶೇಜಿ. "ಗೆಡ್ಡೆ ಇನ್ನೂ ಹೆಬ್ಬೆರಳು ಗಾತ್ರ ಇದೆ. ಚಳಿಗಾಲಕ್ಕೆ ಬರ್ಲಿ, ಬೇಯಿಸಿ ಕೊಡ್ತೀನಿ."

"ಅವರು ಅದಕ್ಕೂ ಮುಂಚೆನೇ ಬರ್ತಾರೆ."

ಜುಂಗು ಸಭೆ ಕರೆದ. ಪಂಪು ಬೇಡ ಎನ್ನುವವರು ಕೈ ಎತ್ತಿ ಎಂದ. ಮಾಶೇಜಿ ಎತ್ತಿದಳು. ನಮ್ಮಲ್ಲಿ ಎಲ್ಲರಿಗಿಂತ ಬಾಯಾಳಿ ನೊಮಾಗುಗು. ಅವಳು ಕುತ್ತಿಗೆ ತಿಕ್ಕಿಕೊಳ್ಳುತ್ತಾ, "ಮಾಶೇಜಿ, ನಿನ್ನ ತಲೆ ಗಟ್ಟಿ ಇದೆ, ಬಕೆಟ್ ತಡೆಯತ್ತೆ. ನನ್ನದು ಒಳಗೆ ಟೊಳ್ಳು," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಶೇಜಿ ಕೈ ಇಳಿಸಿದಳು.

ಟ್ರ್ಯಾಕ್ಟರ್ ಬಂತು. ಮದುಂಬೆಯ ಅಗಲ ಎಲೆಗಳು ನೇಗಿಲ ಕೆಳಗೆ ಹೋದವು. ಎಳೆ ಗೆಡ್ಡೆಗಳನ್ನು ಮೂಲೆಯಲ್ಲಿ ರಾಶಿ ಹಾಕಿದೆವು. ತಿನ್ನಲು ಬಾರದು, ನೆಡಲೂ ಬಾರದು. ಆಡುಗಳು ಮೂಸಿ ತಿರುಗಿಹೋದವು. ಮಳೆ ಬಿದ್ದ ಮೇಲೆ ರಾಶಿ ಕೊಳೆತು ಲೋಳೆಯಾಗಿ ಬೇಲಿಯ ಕೆಳಗಿಂದ ದಾರಿಗೆ ಹರಿಯಿತು. ಮಾಶೇಜಿ ಗುದ್ದಲಿ ತಂದು ಒಬ್ಬಳೇ ಅದಕ್ಕೆ ಮಣ್ಣು ಮುಚ್ಚಿದಳು.

ಎಲೆಕೋಸಿನ ಸಸಿಗಳು ಬರುವುದು ತಡವಾಯಿತು. ಬಂದವುಗಳಲ್ಲಿ ಅರ್ಧ ಹುಳುವಿನ ಪಾಲಾದವು. ಅತಿಥಿಗಳು ಬರುವ ಹಿಂದಿನ ದಿನಕ್ಕೆ ಉಳಿದ ಸಸಿಗಳು ಗೇಣುದ್ದವಿದ್ದವು. ಅಂದು ಮಧ್ಯಾಹ್ನ ಜುಂಗುವಿನ ಪಿಕಪ್ ತೋಟದ ಬಾಯಿಗೆ ಬಂದು ನಿಂತಿತು. ಹಿಂದೆ ತುಂಬಾ ಎಲೆಕೋಸು, ಒಂದೊಂದೂ ಮಗುವಿನ ತಲೆಯಷ್ಟು. ಗ್ರೇಟೌನಿನ ಮಾರುಕಟ್ಟೆಯಿಂದ ತಂದದ್ದು.

"ಊಟಕ್ಕಾ ಬಾಬಾ?" ಎಂದಳು ನೊಮಾಗುಗು.

"ನೆಡೋಕೆ," ಎಂದ ಜುಂಗು.

ಸಾಂಡಿಸೊ ನೆಲ ನೋಡುತ್ತಿದ್ದ. ಮೊದಲು ತಮಾಷೆಯೆಂದುಕೊಂಡೆವು. ಆಮೇಲೆ ಮಂಡಿಯೂರಿ ಒಂದೊಂದನ್ನೇ ಮಣ್ಣಿಗೆ ಒತ್ತಿ, ಸುತ್ತ ಮಣ್ಣೇರಿಸಿ, ವಾಲದಂತೆ ಕೂರಿಸುತ್ತಾ ಹೋದೆವು. ನೊಮಾಗುಗು, "ಇದಕ್ಕೆ ನೀರು ಹಾಕ್ಲಾ, ಇಲ್ಲ ಪ್ರಾರ್ಥನೆ ಮಾಡ್ಲಾ?" ಎನ್ನುತ್ತಿದ್ದಳು. ನಗುತ್ತಲೇ ಕೆಲಸ ಮುಗಿಸಿದೆವು. ಮಾಶೇಜಿ ಒಂದು ಎಲೆಕೋಸನ್ನು ಕೈಯಲ್ಲಿ ಹಿಡಿದಳು, ತಿರುಗಿಸಿ ಚಾಕುವಿನಿಂದ ಕತ್ತರಿಸಿದ ಬಿಳಿ ದಂಟನ್ನು ನೋಡಿದಳು, ಕೆಳಗಿಟ್ಟಳು. ಬೇಲಿಯ ಹತ್ತಿರ ಹೋಗಿ ಬಗ್ಗಿ ವಾಂತಿ ಮಾಡಿಕೊಂಡಳು.

"ಏನಾಯ್ತು ಗೋಗೊ?" ಎಂದು ಸಾಂಡಿಸೊ ಓಡಿದ.

"ಏನಿಲ್ಲ. ಕಾರ್ಖಾನೆ ನೆನಪಾಯ್ತು," ಎಂದು ಬಾಯಿ ಒರೆಸಿಕೊಂಡಳು.

ಮರುದಿನ ಡೇರೆ ಹಾಕಿದ್ದರು. ನಮಗೆಲ್ಲ ಒಂದೇ ಬಣ್ಣದ ಅಂಗಿ ಕೊಟ್ಟಿದ್ದರು, ಎದೆಯ ಮೇಲೆ ಸಂಸ್ಥೆಯ ಹೆಸರು. ಅತಿಥಿಗಳ ಮುಂದಾಳು ಎತ್ತರದ ಹೆಂಗಸು, ಇಂಗ್ಲಿಷ್ ಮಾತಾಡುವವಳು, ತಲೆಗೆ ಅಗಲ ಟೋಪಿ. ನಾನು ಹಿಂದೆ ಡರ್ಬನ್ನಿನಲ್ಲಿ ಮನೆಗೆಲಸಕ್ಕಿದ್ದವಳು, ಇಂಗ್ಲಿಷ್ ಅರ್ಥವಾಗುತ್ತದೆ. ತಾನೇ ಒಂದು ಎಲೆಕೋಸು ಕೊಯ್ಯಬೇಕು, ಫೋಟೋ ತೆಗೆಯಿರಿ ಎಂದು ಆ ಹೆಂಗಸು ಸಾಲಿನೊಳಗೆ ಬಂದಳು. ಜುಂಗು ಚಾಕು ಕೊಡಲು ಹೋದ. ಅಷ್ಟರಲ್ಲಿ ಅವಳು ಬಗ್ಗಿ ಮುಟ್ಟಿದ್ದೇ ತಡ, ಎಲೆಕೋಸು ಉರುಳಿ ಅವಳ ಕಾಲ ಮೇಲೆ ಬಂತು.

ಅವಳು ಅದನ್ನು ಎತ್ತಿಕೊಂಡಳು, ಅಡಿ ನೋಡಿದಳು. ಚೊಕ್ಕಟವಾಗಿ ಕತ್ತರಿಸಿದ ದಂಟು. ಪಕ್ಕದ ಎಲೆಕೋಸನ್ನು ಬೂಟಿನ ತುದಿಯಿಂದ ಮೆಲ್ಲಗೆ ತಳ್ಳಿದಳು. ಅದೂ ಅಲ್ಲಾಡಿತು. ಅವಳಿಗೆ ಎಲ್ಲವೂ ತಿಳಿಯಿತು, ಅವಳ ಮುಖ ನಾನು ಕಣ್ಣಾರೆ ಕಂಡೆ. ಮರುಕ್ಷಣ ಎಲೆಕೋಸನ್ನು ಅಡಿ ಕಾಣದಂತೆ ಬುಟ್ಟಿಯಲ್ಲಿಟ್ಟು, ಕ್ಯಾಮೆರಾದ ಕಡೆ ತಿರುಗಿ ಹಲ್ಲು ಬಿಟ್ಟು ನಕ್ಕಳು.

ನಮ್ಮ ಸುಳ್ಳಿಗೆ ನಾಚಿಕೆಪಡುತ್ತಿದ್ದ ನನಗೆ ಆ ನಗು ಕಂಡು ಹೇಸಿಗೆಯಾಯಿತು. ಮಾಶೇಜಿ ಮುಂದೆ ನಡೆದಳು.

"ಇವು ನಿನ್ನೆ ಮಾರ್ಕೆಟ್ಟಿಂದ ತಂದವು," ಎಂದಳು ನಮ್ಮ ಭಾಷೆಯಲ್ಲಿ, ಜೋರಾಗಿ. "ನಮ್ಮದು ಮದುಂಬೆ ಇತ್ತು. ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ಅದನ್ನ ಉತ್ತುಹಾಕಿದ್ರು. ಸಾಂಡಿಸೊ, ಇದನ್ನ ಇವರಿಗೆ ಇಂಗ್ಲಿಷಲ್ಲಿ ಹೇಳು."

ಎಲ್ಲರೂ ಸಾಂಡಿಸೊ ಕಡೆ ನೋಡಿದರು. ಅವನ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ಇಂಗ್ಲಿಷಿನಲ್ಲಿ ಹೇಳಿದ: "ಮೊದಲು ಇಲ್ಲಿ ಏನೂ ಇರಲಿಲ್ಲ, ಈಗ ಇದೆಲ್ಲ ಇದೆ ಅಂತಿದ್ದಾರೆ. ನಿಮಗೆ ಥ್ಯಾಂಕ್ಸ್ ಹೇಳ್ತಿದ್ದಾರೆ."

ಆ ಹೆಂಗಸು ಕಣ್ಣು ತೇವ ಮಾಡಿಕೊಂಡು ಮಾಶೇಜಿಯನ್ನು ಅಪ್ಪಿಕೊಂಡಳು. ಫೋಟೋದವನು ಮಂಡಿಯೂರಿದ. ಮಾಶೇಜಿ ಎರಡೂ ಕೈ ಮೇಲೆತ್ತಿ, ಮೈ ಸೆಟೆದುಕೊಂಡು ನಿಂತಳು. "ಬಿಡಮ್ಮ, ಬಿಡು," ಎಂದಳು. ಆಮೇಲೆ ಡೇರೆಯ ಊಟಕ್ಕೂ ಕೂರದೆ, ಹೊಸ ಅಂಗಿಯನ್ನು ಕಳಚಿ ಬೇಲಿಗೆ ನೇತುಹಾಕಿ ಮನೆಗೆ ಹೋದಳು. ಅತಿಥಿಗಳ ಕಾರುಗಳ ಧೂಳು ಇಳಿಯುವ ಮೊದಲೇ ಜುಂಗುವಿನ ಆಳುಗಳು ಎಲೆಕೋಸುಗಳನ್ನೆಲ್ಲ ಕಿತ್ತು ಮಣ್ಣು ಒರೆಸಿ ಪಿಕಪ್ಪಿಗೆ ತುಂಬಿದರು. ಅವನ ಹೆಂಡತಿಯ ಅಂಗಡಿಯಲ್ಲಿ ಅವು ಮಾರಾಟಕ್ಕಿದ್ದವು.

ಅತಿಥಿಗಳಿಗೆ ಅವಮಾನ ಮಾಡಿದಳೆಂದು ಜುಂಗು ಅವಳನ್ನು ಸಭೆಗೆ ಕರೆಸಿದ. ಕ್ಷಮೆ ಕೇಳು ಎಂದ.

"ಕೇಳ್ತೀನಿ ಬಾಬಾ," ಎಂದಳು ಮಾಶೇಜಿ. "ಎಲೆಕೋಸಿನ ಹತ್ರ ಕೇಳ್ತೀನಿ. ಪಾಪ, ಸತ್ತ ಮೇಲೂ ಅದನ್ನ ಬೆಳೆಯೋ ಥರ ನಟಿಸೋಕೆ ನಿಲ್ಲಿಸಿದ್ವಿ."

ಗಂಡಸರು ಕೆಮ್ಮಿದರು. ಜುಂಗುವಿನ ಮುಖ ಊದಿತು. ತೋಟದಿಂದ ಅವಳ ಪಾತಿ ತೆಗೆದುಹಾಕಿದ್ದೇನೆಂದು ಸಾರಿದ. ಅವಳು ಆಗಲೇ ಬಾಗಿಲು ದಾಟಿದ್ದಳು.

ಪಂಪು ಬಂತು, ಸುಳ್ಳು ಹೇಳಬಾರದು. ತಂತಿ ಬೇಲಿಯೂ ಬಂತು. ತೋಟದಲ್ಲಿ ಈಗ ನಿಜವಾದ ಎಲೆಕೋಸೇ ಬೆಳೆಯುತ್ತದೆ. ವರ್ಷಕ್ಕೊಮ್ಮೆ ಅಂಗಿ ತೊಟ್ಟು ಹಾಡುತ್ತಾರೆ. ನನಗೆ ಅದರ ಪಕ್ಕ ಹಾದರೆ ಈಗಲೂ ಬಾಯಲ್ಲಿ ಕಹಿ ನೀರು ಬರುತ್ತದೆ. ನಾನೂ ನೊಮಾಗುಗುವೂ ಬಿಟ್ಟುಬಂದೆವು. ಮಾಶೇಜಿ ಮನೆಯ ಹಿಂದಿನ ಇಳಿಜಾರಿನಲ್ಲಿ ಕಲ್ಲು ಆಯ್ದು, ಅಣ್ಣನ ಹೆಂಡತಿಯಿಂದ ಬಿತ್ತನೆ ಗೆಡ್ಡೆ ತಂದು ಮದುಂಬೆ ಹಾಕಿದ್ದಾಳೆ. ನೆಲ ಬಡವು, ನೀರು ದೂರ. ಮತ್ತೆ ಬಕೆಟ್ ಹೊರುತ್ತೇವೆ. ನೊಮಾಗುಗು ದಿನವೂ ಬೈಯುತ್ತಾಳೆ, ದಿನವೂ ಬರುತ್ತಾಳೆ.

ಕಳೆದ ಚಳಿಗಾಲದಲ್ಲಿ ಸಾಂಡಿಸೊ ಕಾರು ನಿಲ್ಲಿಸಿ ಇಳಿದ. ಈಗ ಅವನಿಗೆ ದೊಡ್ಡ ಹುದ್ದೆಯಂತೆ. ನಾವು ಮೂವರೂ ಗೆಡ್ಡೆ ಅಗೆಯುತ್ತಿದ್ದೆವು.

"ಗೋಗೊ, ಅಮ್ಮ ಹಾಸಿಗೆ ಹಿಡಿದಿದ್ದಾರೆ. ಮದುಂಬೆ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯಲ್ಲ," ಎಂದ.

ಮಾಶೇಜಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ದಪ್ಪದಪ್ಪ ಗೆಡ್ಡೆಗಳನ್ನೇ ಆರಿಸಿ ಚೀಲ ತುಂಬಿದಳು. ಅವನು ಕೈ ಚಾಚಿದಾಗ ಕೈಗೆ ಕೊಡದೆ ನೆಲದ ಮೇಲಿಟ್ಟಳು.

"ನಿಮ್ಮಮ್ಮನಿಗೆ ಕೊಡ್ತಿದ್ದೀನಿ. ನೀನು ತಿನ್ನಬೇಡ."

ಅವನು ನಕ್ಕ. ಅವಳು ನಗಲಿಲ್ಲ. ಅವನು ಚೀಲ ಎತ್ತಿಕೊಂಡು ಕಾರಿನ ಕಡೆ ಹೋದ. ಮಾಶೇಜಿ ನನ್ನ ಕಡೆ ತಿರುಗಿ, "ಆ ಸಾಲು ಮುಗಿಸೋಣ, ಬಿಸಿಲೇರ್ತಿದೆ," ಎಂದಳು.