ಹದಿನಾಲ್ಕರ ದಾರಿ ಬಿಟ್ಟು

ಬಸ್ ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೂಬೆ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಸ್ಟೇರಿಂಗ್ ಹಿಡಿದು ಕೂತನೆಂದರೆ ಅವನ ಕತ್ತು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಇಂಥ ಎಚ್ಚರದ ಡ್ರೈವರ್ ಇನ್ನೊಬ್ಬನಿಲ್ಲ, ನೋಡಿ ಕಲಿಯಿರಿ ಎಂದು ಮ್ಯಾನೇಜರ್ ಹೊಸಬರಿಗೆ ಅವನನ್ನೇ ತೋರಿಸುತ್ತಿದ್ದರು. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವನು ಏನಾದರೊಂದು ನೆಪ ಹೇಳಿ ಅಲ್ಲಿಂದ ಜಾರಿಕೊಳ್ಳುತ್ತಿದ್ದ. ಕತ್ತು ತಿರುಗಿಸದಿದ್ದರೆ ಅವನಿಗೆ ಪಕ್ಕದ್ದು ಏನೂ ಕಾಣುತ್ತಿರಲಿಲ್ಲ.

ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಅವನು, ಇನ್ನೊಬ್ಬರು ಊರಿನ ಆ ತುದಿಯಲ್ಲಿದ್ದ ಕಣ್ಣಿನ ಡಾಕ್ಟರು. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದು ಅವರು ಬರೆದುಕೊಟ್ಟ ಚೀಟಿಯನ್ನು ಅವನು ಆಸ್ಪತ್ರೆಯ ಮೆಟ್ಟಿಲಲ್ಲೇ ಹರಿದು ಹಾಕಿದ್ದ. ಡಿಪೋದ ವರ್ಷದ ತಪಾಸಣೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದರು, ಅಷ್ಟೇ. ಎದುರಿಗಿದ್ದದ್ದನ್ನು ಅವನು ಕೊನೆಯ ಸಾಲಿನವರೆಗೂ ನೀರು ಕುಡಿದಂತೆ ಓದುತ್ತಿದ್ದ. ಪಕ್ಕದಲ್ಲೇನಿದೆ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ನಿವೃತ್ತಿಗೆ ಇನ್ನು ಮೂರೇ ವರ್ಷ. ಇಪ್ಪತ್ತೆರಡು ವರ್ಷದಿಂದ ಒಂದೇ ದಾರಿ, ಹದಿನಾಲ್ಕನೇ ನಂಬರು. ಎಲ್ಲಿ ಗುಂಡಿ, ಯಾವ ಅಂಗಡಿಯವನು ಮೆಟ್ಟಿಲನ್ನು ರಸ್ತೆಗೆ ಚಾಚಿದ್ದಾನೆ, ಯಾವ ಸಂದಿಯಿಂದ ಸೈಕಲ್ಲುಗಳು ನುಗ್ಗುತ್ತವೆ, ಎಲ್ಲವೂ ಬಾಯಿಪಾಠ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಒಂದೊಂದೇ ದಿನ ದೂಡುತ್ತಿದ್ದ.

ಹೀಗಿರುವಾಗ ಬೇಸಿಗೆ ರಜೆಯಲ್ಲಿ ಅವನ ಅಕ್ಕ ಎರಡು ದಿನದ ಮಟ್ಟಿಗೆ ಪಟ್ಟಣ ನೋಡಲು ಬಂದಳು, ಜೊತೆಗೆ ಆರು ವರ್ಷದ ಮೊಮ್ಮಗಳು. ಅಕ್ಕ ಬಟ್ಟೆ ಹೊಲಿಯುವವಳು, ನಲವತ್ತು ವರ್ಷದಿಂದ ಸೂಜಿಗೆ ದಾರ ಪೋಣಿಸುತ್ತಾ ಬಂದವಳು. ಅವಳ ಕಣ್ಣು ತಪ್ಪಿಸುವುದು ಹೊಲಿಗೆಗೂ ಆಗದ ಮಾತು. ಬೆಳಿಗ್ಗೆ ತಿಂಡಿಗೆ ಕೂತಾಗ ಅವನ ಮೊಣಕೈ ತಗುಲಿ ನೀರಿನ ಲೋಟ ಉರುಳಿತು. ಸ್ವಲ್ಪ ಹೊತ್ತಿಗೆ ಎರಡನೆಯದೂ ಉರುಳಿತು. ಮೂರನೆಯದನ್ನು ಅಕ್ಕ ತಾನೇ ತುಂಬಿ, ಅವನ ಮೂಗಿನ ನೇರಕ್ಕೆ ಇಟ್ಟು, ತಟ್ಟೆಗೆ ಕೈ ಹಾಕಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅವನು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದ.

ನಾವೂ ಬಸ್ಸಿನಲ್ಲೇ ಸುತ್ತೋಣ ಎಂದು ಅವನು ಮೊದಲೇ ಹೇಳಬೇಕೆಂದಿದ್ದ. ಆದರೆ ಹೆಂಡತಿ ಅವನಿಗಿಂತ ಒಂದು ಹೆಜ್ಜೆ ಮುಂದಿದ್ದಳು. ಅತ್ತಿಗೆ ಬರುವುದು ಹತ್ತು ವರ್ಷಕ್ಕೊಮ್ಮೆ, ಡ್ರೈವರನ ಮನೆಗೆ ಬಂದು ಬಸ್ ಸ್ಟಾಪಿನ ಬಿಸಿಲಲ್ಲಿ ಕಾಯಬೇಕೇ ಎಂದು ಪಕ್ಕದ ಮನೆಯವರ ವ್ಯಾನಿನ ಕೀಲಿ ಇಸಿದುಕೊಂಡು ಬಂದು ಅವನ ಅಂಗೈಯಲ್ಲಿ ಇಟ್ಟೇಬಿಟ್ಟಳು. ಬೇಡ ಎನ್ನಲು ಬಾಯಿ ತೆರೆದ. ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದವನು ಬೇಡವೆಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿದ.

ಶನಿವಾರವಿಡೀ ಅವನು ಅವರಿಗೆ ತೋರಿಸಿದ್ದು ಹದಿನಾಲ್ಕನೇ ನಂಬರಿನ ದಾರಿಯನ್ನು. ಗಡಿಯಾರ ಗೋಪುರ ಆ ದಾರಿಯಲ್ಲಿತ್ತು, ಸರಿ. ವಸ್ತು ಸಂಗ್ರಹಾಲಯವಿತ್ತು, ಅದೂ ಸರಿ. ನದಿಯ ಸೇತುವೆಯೂ ಆಯಿತು. ಆಮೇಲೆ ನೋಡುವಂಥದ್ದು ಮುಗಿಯಿತು. ಅವನು ನೀರಿನ ಟ್ಯಾಂಕು, ತಾಲ್ಲೂಕು ಕಚೇರಿ, ಬೀಗ ಹಾಕಿದ ಗಿರಣಿ ಎಲ್ಲದಕ್ಕೂ ಒಂದೊಂದು ಕಥೆ ಕಟ್ಟಿ ಹೇಳಿದ. ಅಭ್ಯಾಸಬಲದಿಂದ ಎಲ್ಲ ಸ್ಟಾಪಿನಲ್ಲೂ ವ್ಯಾನು ತಾನೇ ನಿಧಾನವಾಗುತ್ತಿತ್ತು, ನಿಂತ ಜನ ಹತ್ತಲು ಮುಂದೆ ಬರುತ್ತಿದ್ದರು, ಮೊಮ್ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಅವನಿಗೆ ಬಸ್ಸಜ್ಜ ಎಂದು ಹೆಸರಿಟ್ಟಳು. ಅವನೂ ನಕ್ಕ. ನಗುವಾಗಲೂ ಅಂಗಿಯ ಬೆನ್ನು ಬೆವರಿನಿಂದ ಸೀಟಿಗೆ ಅಂಟಿತ್ತು, ಅದು ಬರೀ ಸೆಕೆಯ ಬೆವರಲ್ಲ.

ಭಾನುವಾರ ಮಗು ಮೃಗಾಲಯವೆಂದು ಹಟ ಹಿಡಿಯಿತು. ಮೃಗಾಲಯ ಊರಿನ ಇನ್ನೊಂದು ದಿಕ್ಕು. ಅಲ್ಲಿ ಪ್ರಾಣಿಗಳೇ ಇಲ್ಲ, ಬಿಸಿಲಿಗೆ ಎಲ್ಲ ಮಲಗಿರುತ್ತವೆ ಎಂದೆಲ್ಲ ಹೇಳಿ ನೋಡಿದ. ಆರು ವರ್ಷದ ಹಟಕ್ಕೆ ಯಾರ ಬುದ್ಧಿ ನಡೆದೀತು? ಹೆಂಡತಿ, ಮಗು ಹಿಂದೆ ಕೂತರು. ಅಕ್ಕ ಮುಂದೆ, ಅವನ ಪಕ್ಕದಲ್ಲಿ. ಗಡಿಯಾರ ಗೋಪುರದ ಬಳಿ ಹದಿನಾಲ್ಕರ ದಾರಿ ಬಿಟ್ಟು ಎಡಕ್ಕೆ ತಿರುಗಿದ್ದೇ ತಡ, ಅವನಿಗೆ ಕಟ್ಟೆಯಿಲ್ಲದ ಬಾವಿಯ ಸುತ್ತ ನಡೆಯುವಂತೆ ಭಯವಾಯಿತು. ಯಾವ ಗೋಡೆ ಎಲ್ಲಿ ಮುಗಿಯುತ್ತದೆ, ಯಾವ ಸಂದಿ ಎಲ್ಲಿ ಬಾಯಿ ತೆರೆಯುತ್ತದೆ, ಒಂದೂ ಗೊತ್ತಿಲ್ಲ. ಕತ್ತು ನೋಯುವಷ್ಟು ತಿರುಗಿಸಿದ. ಬಲಕ್ಕೆ ನೋಡುವಾಗ ಎಡಕ್ಕೇನಿದೆಯೋ ಎಂಬ ಭಯ, ಎಡಕ್ಕೆ ನೋಡುವಾಗ ಬಲದ ಭಯ. ತನ್ನ ಕತ್ತು ಹೀಗೆ ಹೊರಳುವುದನ್ನು ಅಕ್ಕ ನೋಡುತ್ತಿದ್ದಾಳೆಂದು ಅವನಿಗೆ ನೋಡದೆಯೇ ತಿಳಿಯಿತು.

"ನಿಲ್ಸು!"

ಬ್ರೇಕ್ ಒತ್ತಿದ್ದು ಕಾಲೋ ಅಕ್ಕನ ದನಿಯೋ. ವ್ಯಾನು ಕಿರುಚಿ ನಿಂತಾಗ ಬಾನೆಟ್ಟಿಗೆ ಅಂಗೈ ಒತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಅವಳು ಎಡಗಡೆಯಿಂದ ನಡೆದು ಬಂದಿದ್ದಳು, ಅರ್ಧ ರಸ್ತೆ ದಾಟಿದ್ದಳು. ಅವನ ಪಾಲಿಗೆ ಅವಳು ಈ ಕ್ಷಣದವರೆಗೆ ಇರಲೇ ಇಲ್ಲ. ಚೀಲದಿಂದ ಈರುಳ್ಳಿ ಉರುಳಿ ಚಕ್ರದಡಿಗೆ ಹೋದವು. ಅಕ್ಕ ಇಳಿದು ಈರುಳ್ಳಿ ಆಯ್ದುಕೊಟ್ಟು, ಭುಜ ಸವರಿ, ಆಚೆ ಬದಿಗೆ ದಾಟಿಸಿ ಬಂದಳು.

ಅವನು ವ್ಯಾನನ್ನು ಗೋಡೆಯ ಬದಿಗೆ ತಂದು ನಿಲ್ಲಿಸಿ ಕೆಳಗಿಳಿದ. ಹೆಂಡತಿಯೂ ಇಳಿದಿದ್ದಳು, ಹಿಂದಿನ ಬಾಗಿಲು ತೆರೆದಿತ್ತು, ಸೀಟು ಖಾಲಿ. ರಸ್ತೆಯಲ್ಲಿ ಲಾರಿಯೊಂದು ಸದ್ದು ಮಾಡುತ್ತಾ ಬರುತ್ತಿತ್ತು.

"ಮಗು ಎಲ್ಲಿ? ಅಕ್ಕಾ, ಮಗು ಎಲ್ಲಿ ಹೋಯ್ತು?"

ಹೆಂಡತಿ ಅವನ ಮುಖವನ್ನೇ ನೋಡಿದಳು, ಇವನಿಗೇನಾಯಿತು ಎನ್ನುವ ಹಾಗೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಆಗ ಅವನ ಎಡ ಮೊಣಕೈಯ ಹತ್ತಿರದಿಂದಲೇ, ಅಂಗಿಯ ಚುಂಗು ಹಿಡಿದು ನಿಂತಿದ್ದ ಮಗು ಹೇಳಿತು: "ಇಲ್ಲೇ ಇದೀನಲ್ಲ ಬಸ್ಸಜ್ಜ."

ಅವನು ಕತ್ತು ತಿರುಗಿಸಿದ. ಇದ್ದಳು. ಆಗಿನಿಂದಲೂ ಅಲ್ಲೇ ಇದ್ದಳು. ಅವನು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ಕೂತ. ಅಕ್ಕ ಮಗುವನ್ನು ತನ್ನ ಕಡೆಗೆ ಎಳೆದುಕೊಂಡು ಎದುರಿಗೆ, ಅವನಿಗೆ ಕಾಣುವ ಹಾಗೆ, ಬಂದು ನಿಂತಳು.

"ಅಪ್ಪನಿಗೂ ಹೀಗೇ ಆಗಿದ್ದು. ಬಾಗಿಲಿಗೆಲ್ಲ ಡಿಕ್ಕಿ ಹೊಡೀತಿದ್ರು, ನಾವು ನಗ್ತಿದ್ವಿ," ಅಂದಳು. "ಆದ್ರೆ ಅಪ್ಪ ಬಸ್ ಓಡಿಸ್ತಿರ್ಲಿಲ್ಲ ಕಣೋ. ನಾಳೆ ಡ್ಯೂಟಿ ಇದ್ಯಾ?"

ಇದೆ, ಬೆಳಗಿನ ಮೊದಲ ಬಸ್ಸು ಎಂದ. ಎಷ್ಟು ಜನ ಇರುತ್ತಾರೆ ಎಂದು ಅವಳು ಕೇಳಿದಳು. ಅರವತ್ತು, ಎಪ್ಪತ್ತು ಎಂದ. ಹೆಂಡತಿ ಬಂದು ಅವನ ಅಂಗೈಯಿಂದ ಕೀಲಿ ತೆಗೆದುಕೊಂಡಳು. ಅವಳ ಬೆರಳು ಮಂಜಿನಂತೆ ತಣ್ಣಗಿತ್ತು.

ಅವನು ಫೋನ್ ತೆಗೆದ. ಪಿಂಚಣಿ, ಮೂರು ವರ್ಷ, ಬಾಡಿಗೆ ಮನೆ, ಇಷ್ಟು ದಿನ ಅವನನ್ನು ಹೆದರಿಸಿದ್ದೆಲ್ಲ ಈಗಲೂ ಅಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಕಮ್ಮಿಯಾಗಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ಅಂಗಿಯ ಚುಂಗು ಹಿಡಿದಿತ್ತು. ಮ್ಯಾನೇಜರ್ ಎತ್ತಿಕೊಂಡರು, ಏನೋ ತಮಾಷೆ ಮಾಡಿದರು. ಅವನು ನಾಳೆಯಿಂದ ಬಸ್ ಓಡಿಸಲಾರೆ, ತನಗೆ ಪಕ್ಕ ಕಾಣುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ.

ಮ್ಯಾನೇಜರ್ ತಮಾಷೆ ಬಿಟ್ಟು ಮೆಲ್ಲಗೆ, "ಎಷ್ಟು ದಿನದಿಂದ?" ಎಂದು ಕೇಳಿದರು.

ನೋಟದ ಚಿಂತೆಯಲ್ಲಿ ಅವನು ತನ್ನನ್ನೇ ಕೇಳಿಕೊಳ್ಳದೆ ಬಿಟ್ಟಿದ್ದ ಪ್ರಶ್ನೆ ಇದೊಂದೇ. ದಿನಕ್ಕೆ ಎಂಟು ಟ್ರಿಪ್ಪು, ಟ್ರಿಪ್ಪಿಗೆ ಎಪ್ಪತ್ತು ಜನ. ಹೆಂಡತಿ ಅವನ ತುಟಿಯನ್ನೇ ನೋಡುತ್ತಿದ್ದಳು.

"ಎರಡು ವರ್ಷ ಆಯ್ತು ಸಾರ್," ಎಂದ.