ಸೊಟ್ಟ ಮೊಣಕೈಯ ನಾಲ್ಕು ಅರ್ಥ

ತೊಂಬತ್ತರ ದಶಕದಲ್ಲಿ ಮೂಡುಬಿದಿರೆಯ ಕಾಲೇಜಿಗೆ ಸೇರುವಾಗ ಆರೋಗ್ಯದ ಸರ್ಟಿಫಿಕೇಟು ಕೇಳಿದರು. ಡಾಕ್ಟರು ನನ್ನ ಎಡಗೈಯನ್ನು ಸಂತೆಯ ಬದನೆಕಾಯಿಯ ಹಾಗೆ ತಿರುಗಿಸಿ ನೋಡಿ, ಮೊಣಕೈ ‘ಡಿಫಾರ್ಮ್’ ಆಗಿದೆ ಎಂದು ಇಂಗ್ಲಿಷಿನಲ್ಲಿ ಬರೆದರು. ಹತ್ತರವರೆಗೆ ಕನ್ನಡದಲ್ಲಿ ಓದಿದ ನಮಗೆಲ್ಲ ಒಂದು ಚಾಳಿ ಇತ್ತು: ಕಂಡ ಇಂಗ್ಲಿಷ್ ಪದದ ನೆತ್ತಿಯ ಮೇಲೆಲ್ಲ ಪೆನ್ಸಿಲಿನಲ್ಲಿ ಅರ್ಥ ಬರೆಯುವುದು. ನೇರ ಲೈಬ್ರರಿಗೆ ಹೋಗಿ ದಪ್ಪ ನಿಘಂಟನ್ನು ಎಳೆದೆ.

ವಿಕಾರಗೊಳಿಸು. ಅಂದಗೆಡಿಸು. ಕುರೂಪ ಮಾಡು. ಕೊನೆಗೆ, ಪಾಪ ಅನಿಸಿರಬೇಕು, ಭೌತಶಾಸ್ತ್ರದ ಅರ್ಥ: ಒತ್ತಡಕ್ಕೆ ಸಿಕ್ಕಿ ಆಕಾರ ಬದಲಾಗು. ಇದನ್ನು ಬರೆದ ಮಹಾನುಭಾವರ ಮೂಗು ಎಷ್ಟು ನೇರ ಇತ್ತೋ ನೋಡಬೇಕಿತ್ತು. ನಾಲ್ಕನೆಯದನ್ನು ಮಾತ್ರ ಸರ್ಟಿಫಿಕೇಟಿನ ಮೇಲೆ ಪೆನ್ಸಿಲಿನಲ್ಲಿ ಗೀಚಿ ನಮ್ಮೂರು ಅಳದಂಗಡಿಯ ಬಸ್ಸು ಹತ್ತಿದೆ.

ನನಗಿದ್ದ ಹೆದರಿಕೆ ಕಾಲೇಜಿನದಲ್ಲ, ಅಮ್ಮನದು. ಈ ಕೈಯ ಸುದ್ದಿ ಬಂದರೆ ಅವಳು ಎರಡು ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ.

ಹತ್ತು ವರ್ಷದವಳಿದ್ದಾಗ ಗೇರುಮರದಿಂದ ಬಿದ್ದಿದ್ದೆ. ಕಕ್ಕಿಂಜೆಯ ನಾಟಿವೈದ್ಯರು ಎಲುಬು ಕೂಡಿಸಿ, ಬಿದಿರಿನ ಸೀಳು ಇಟ್ಟು ಕಟ್ಟಿ, ಇಪ್ಪತ್ತೊಂದು ದಿನ ಬಿಚ್ಚಬಾರದು ಎಂದಿದ್ದರು. ಹನ್ನೆರಡನೇ ದಿನಕ್ಕೆ ಚಿಕ್ಕಮ್ಮನ ಮದುವೆ. ನನ್ನ ಹೊಸ ಫ್ರಾಕಿನ ಪಫ್ ತೋಳಿನೊಳಗೆ ಬಿದಿರು ಹೋಗಲೊಲ್ಲದು. ಊರಿಗೆಲ್ಲ ಕೇಳುವ ಹಾಗೆ ಅತ್ತು ಹಟ ಹಿಡಿದೆ. ಅಮ್ಮ ಬಿಚ್ಚಿದಳು. ಮದುವೆಯಲ್ಲಿ ನಾನು ಮಿಂಚಿದೆ. ಎಲುಬು ತನಗೆ ತೋಚಿದ ದಾರಿ ಹಿಡಿಯಿತು. ಶಾಲೆಯಲ್ಲಿ ‘ನಾಯಿಬಾಲ’ ಎಂಬ ಬಿರುದು ಬಂತು. ಕಬ್ಬು ಡೊಂಕಾದರೆ ಸಿಹಿ ಡೊಂಕಾ ಎಂದು ಅಜ್ಜ ಸಮಾಧಾನ ಹೇಳುತ್ತಿದ್ದರು, ಅಮ್ಮ ಸುತ್ತಿದ ಬೀಡಿ ಕೊಳ್ಳುವ ಕಂಪೆನಿಯ ಬ್ರಾಂಚಿನವರು ಸೊಟ್ಟ ಎಂದು ತಿರುಗಿಸಿ ಕಳುಹಿಸಿದ ಬೀಡಿಯನ್ನೇ ಸೇದುತ್ತಾ.

ಆ ದಿನವೂ ಅಮ್ಮ ಜಗಲಿಯಲ್ಲಿ ಮಡಿಲ ಮೇಲೆ ಎಲೆ, ತಂಬಾಕಿನ ಗೆರಸೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಡಾಕ್ಟರು ಏನು ಬರೆದರೆಂದು ಕೇಳಿದಳು. ಆಕಾರ ಬದಲಾಗಿದೆಯಂತೆ, ಅಷ್ಟೆ ಎಂದೆ. ಅವಳು ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದಳು.

“ಬದಲಾದದ್ದಲ್ಲ, ನಾನು ಹಾಳು ಮಾಡಿದ್ದು. ಅದಕ್ಕೆ ಇಂಗ್ಲಿಷಲ್ಲಿ ಶಬ್ದ ಇಲ್ವಾ?”

ಅದೇ ಶಬ್ದಕ್ಕೆ ಅಂಥ ಅರ್ಥ ಮೂರುಂಟು ಎಂದು ನಾಲಿಗೆ ತುದಿಗೆ ಬಂತು. ಎಲ್ಲದಕ್ಕೂ ಎದುರು ಮಾತಾಡುವ ನಾನು ಅದೊಂದನ್ನು ನುಂಗಿದೆ.

“ಬಿಚ್ಚು ಅಂತ ಹಟ ಹಿಡಿದದ್ದು ನಾನಲ್ವಾ?”

“ನಿನಗಾಗ ಹತ್ತು ವರ್ಷ ಮಾರಾಯ್ತಿ. ನನಗೆ ಮೂವತ್ತು.”

ಏಳು ವರ್ಷ ಅವಳು ಇದನ್ನು ಒಬ್ಬಳೇ ಹೊತ್ತಿದ್ದಳು. ನಾನು ಪಫ್ ತೋಳಿನ ಕತೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ನನಗೆ ನಾಚಿಕೆಯಾಯಿತು.

ಸುತ್ತಿದ ಬೀಡಿಗಳನ್ನು ಅವಳು ಬುಟ್ಟಿಗೆ ತುಂಬಿ, ಬ್ರಾಂಚಿಗೆ ಕೊಡಲು ಎಂದಿನಂತೆ ನನ್ನ ಬಲಗೈಗೆ ಚಾಚಿದಳು. ನಾನು ಎಡಗೈ ಕೊಟ್ಟೆ. ಆ ಸೊಟ್ಟಿನಲ್ಲಿ ಸಿಕ್ಕಿಸಿದ ಬುಟ್ಟಿ ಎಲ್ಲಿಗೂ ಜಾರುವುದಿಲ್ಲ, ಬೇಕಾದರೆ ನೋಡು ಎಂದೆ. ಬ್ರಾಂಚಿನ ತನಕ ಅವಳೂ ಜೊತೆಗೆ ಬಂದಳು, ನೋಡಲಿಕ್ಕೆ.